ಮೂರನೇ ಮೆಟ್ಟಿಲಿನ ನೀರು

ಈ ಪ್ರಕರಣವನ್ನು ಬರೆಯುವುದೋ ಬೇಡವೋ ಎಂದು ಒಂದು ವರ್ಷ ಸುಮ್ಮನಿದ್ದೆ. ಈ ಚಳಿಗಾಲದಲ್ಲಿ ಆಪ್ತಸಲಹೆಗೆಂದು ನನ್ನ ಬಳಿಗೆ ಮತ್ತಿಬ್ಬರು ವಿದ್ಯಾರ್ಥಿಗಳು ಇದೇ ಗಂಟು ಹೊತ್ತು ಬಂದರು. ಒಬ್ಬಳು ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ, ಒಬ್ಬ ಇಂಗ್ಲೆಂಡಿನ ಪ್ಲಿಮತ್‌ನಿಂದ. ಇಬ್ಬರೂ ಓದುವ ಊರಲ್ಲಿ ಕಡಲಿದೆ, ಇಬ್ಬರ ಫೋನಿನ ತುಂಬ ಕಡಲಿನ ಫೋಟೊಗಳಿವೆ, ಇಬ್ಬರಿಗೂ ನಿದ್ದೆಯಿಲ್ಲ. ಹಾಗಾಗಿ ಮೊದಲನೆಯವನ ಕತೆ ಹೇಳಿಬಿಡುತ್ತೇನೆ. ಅವನನ್ನೂ ಅವನ ತಾಯಿಯನ್ನೂ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ಹುಡುಗ ಎಂದೇ ಕರೆಯುತ್ತೇನೆ. ಊರನ್ನು ಮಾತ್ರ ಬದಲಿಸಲಾಗಲಿಲ್ಲ. ಆ ಊರಿನ ಕಡಲಿಲ್ಲದೆ ಈ ಕತೆ ನಿಲ್ಲುವುದಿಲ್ಲ.

ಹುಡುಗ ಕುಂದಾಪುರ ಕಡೆಯವನು. 23 ವರ್ಷ. ವೇಲ್ಸ್‌ನ ಪಶ್ಚಿಮ ಕರಾವಳಿಯ ಅಬೆರಿಸ್ಟ್‌ವಿತ್‌ಗೆ ಎಂಎಸ್ಸಿ ಓದಲು ಹೋಗಿದ್ದ. 1872ರಿಂದ ಕಾಲೇಜು ನಡೆದುಬಂದಿರುವ ಪುಟ್ಟ ಊರು ಅದು. ರೈಲಿನ ಹಳಿ ಅಲ್ಲಿಗೇ ಮುಗಿಯುತ್ತದೆ, ಬರ್ಮಿಂಗ್‌ಹ್ಯಾಮಿಗೆ ಸುಮಾರು ಮೂರು ಗಂಟೆಯ ದಾರಿ. ಮನೆಯ ಪತ್ರ ಬ್ಯಾಂಕಿನಲ್ಲಿತ್ತು. ವೀಸಾಕ್ಕೆಂದು ಒಂಬತ್ತು ತಿಂಗಳ ಖರ್ಚಿನ ಹಣವನ್ನು 28 ದಿನ ಖಾತೆಯಲ್ಲಿ ಇಟ್ಟು ತೋರಿಸಬೇಕಲ್ಲ, ಅದಕ್ಕೆ ಸೋದರಮಾವನ ಕೈಸಾಲ. ಇಷ್ಟು ಸಾಕು. ಇಂಥ ಮನೆಗಳನ್ನು ಓದುಗರು ನನಗಿಂತ ಚೆನ್ನಾಗಿ ಬಲ್ಲರು.

ನನ್ನ ಬಳಿ ಬಂದದ್ದು ನವೆಂಬರಿನಲ್ಲಿ, ಶನಿವಾರಗಳಂದು, ವಿಡಿಯೊದಲ್ಲಿ. ನಿದ್ದೆ ಬರುವುದಿಲ್ಲ ಎನ್ನುವುದೊಂದೇ ದೂರು. ಅಲ್ಲೇ ವಿದ್ಯಾರ್ಥಿಗಳಿಗೆ ಉಚಿತ ಆಪ್ತಸಲಹೆ ಇರುತ್ತದಲ್ಲ ಎಂದೆ. "ಇಂಗ್ಲಿಷಲ್ಲಿ ಪ್ರಾಜೆಕ್ಟ್ ಹೇಳ್ತೇನೆ ಮೇಡಂ, ಇದನ್ನ ಹೇಳ್ಲಿಕ್ಕೆ ಬರೂದಿಲ್ಲ" ಎಂದ. ಗುರುವಾರದಿಂದ ಭಾನುವಾರದವರೆಗೆ ಒಂದು ತಿಂಡಿ ಅಂಗಡಿಯ ಹಿಂದೆ ಪಾತ್ರೆ ತೊಳೆಯುವ ಕೆಲಸ, ರಾತ್ರಿ ಒಂದರವರೆಗೆ. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರುವಂತಿಲ್ಲ ಎನ್ನುವ ವೀಸಾ ನಿಯಮವನ್ನು ಮಾತ್ರ ದೇವರ ಮಾತಿನಂತೆ ಪಾಲಿಸುತ್ತಿದ್ದ. ಬಂದು ಮಲಗಿದರೆ ನಾಲ್ಕರವರೆಗೆ ಕಣ್ಣು ಮುಚ್ಚುವುದಿಲ್ಲ, ಏಳುವಾಗ ಮಧ್ಯಾಹ್ನ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅವನ ಪಾಲಿನ ಹಗಲು ನಾಲ್ಕು ಗಂಟೆಗಿಂತ ಕಡಿಮೆ, ಅದೂ ಪರದೆ ಎಳೆದ ಕೋಣೆಯಲ್ಲಿ. ಕಿಟಕಿಯ ಮೂಲೆಯಲ್ಲಿ ಕಪ್ಪು ಬೂಸಲು, ಹೀಟರ್ ಮೇಲೆ ಒಣಗದ ಬಟ್ಟೆ. ಒಗ್ಗರಣೆಗೆ ಸಾಸಿವೆ ಸಿಡಿಸಿದರೆ ಹೊಗೆಯ ಅಲಾರಂ ಕೂಗಿ ಇಡೀ ಮನೆಯವರು ಹೊರಗೆ ಬಂದು ನಿಲ್ಲುತ್ತಾರೆ. ಎರಡು ಸಲ ಹಾಗಾದ ಮೇಲೆ ಒಗ್ಗರಣೆಯನ್ನೇ ಬಿಟ್ಟ. ಬ್ರೆಡ್ಡು, ಮೊಸರು, ಊರಿನ ಮಿಡಿ ಉಪ್ಪಿನಕಾಯಿ. ಕುಂದಾಪುರದ ಹುಡುಗ, ಕಡಲ ಪಕ್ಕದಲ್ಲೇ ಇದ್ದು, ಎರಡು ತಿಂಗಳಿಂದ ಮೀನು ಮುಟ್ಟಿರಲಿಲ್ಲ.

ಈ ವಿವರಗಳೆಲ್ಲ ನನಗೆ ಸಿಕ್ಕಿದ್ದು ಆಮೇಲೆ. ಮೊದಲ ನಾಲ್ಕು ವಾರ ನನಗೂ ಅವನು ಅದೇ ಫೋಟೊಗಳನ್ನು ತೋರಿಸಿದ್ದ. ನೀಲಿ ಕಡಲು, ಕಪ್ಪು ಬೆಣಚುಕಲ್ಲಿನ ದಂಡೆ, ಬಣ್ಣಬಣ್ಣದ ಸಾಲುಮನೆಗಳು. "ವಾಕಿಂಗಿಗೆ ಒಳ್ಳೆ ಜಾಗವಪ್ಪ" ಎಂದಿದ್ದೆ. ಮಲ್ಪೆಗೆ ಹತ್ತು ನಿಮಿಷದ ದಾರಿಯಲ್ಲಿ ಮನೆ ಮಾಡಿಕೊಂಡಿರುವ ನನಗೆ ಕಾಣದ್ದು ಅವನ ತಾಯಿಗೆ ಕಂಡಿತು.

ಡಿಸೆಂಬರ್ ನಡುವಿನ ಒಂದು ಶನಿವಾರ. ಪರದೆ ತೆರೆದ ಕೂಡಲೇ, "ಅಮ್ಮನಿಗೆ ಗೊತ್ತಾಯ್ತು ಮೇಡಂ" ಎಂದ.

ನಡೆದದ್ದು ಇಷ್ಟು. ತಾಯಿ ದಿನಾ ಊಟ ಮುಗಿಸಿ ಒಂಬತ್ತೂವರೆಗೆ ವಿಡಿಯೊ ಕರೆ ಮಾಡುತ್ತಾರೆ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅದು ಅಲ್ಲಿ ಸಂಜೆ ಐದು. ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನಾಲ್ಕು. ಕರೆಗೆ ಮುಂಚೆ ಒಂದು ಫೋಟೊ ಹೋಗಬೇಕು, ಅದನ್ನು ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲರೂ ನೋಡುತ್ತಾರೆ. ಸೆಪ್ಟೆಂಬರಿನ ಒಂದು ಬಿಸಿಲಿನ ದಿನ ಹುಡುಗ ಚೀಲದಲ್ಲಿ ಮೂರು ಅಂಗಿ, ಒಂದು ಜಾಕೆಟ್ಟು ತುಂಬಿಕೊಂಡು ದಂಡೆಗೆ ಹೋಗಿ, ಅಂಗಿ ಬದಲಿಸಿ ಬದಲಿಸಿ, ಮುಕ್ಕಾಲು ಗಂಟೆಯಲ್ಲಿ ಎಂಬತ್ತು ಚಿಲ್ಲರೆ ಫೋಟೊ ತೆಗೆದಿಟ್ಟುಕೊಂಡಿದ್ದ. ದಿನಕ್ಕೊಂದರಂತೆ ಖರ್ಚು ಮಾಡುತ್ತಿದ್ದ, ರೇಷನ್ ಅಕ್ಕಿಯ ಹಾಗೆ.

ಅಂಗಿ ಬದಲಾಗಿತ್ತು, ನೀರು ಬದಲಾಗಿರಲಿಲ್ಲ. ಹಿಂದಿನ ರಾತ್ರಿ ತಾಯಿ ಕೇಳಿದರಂತೆ: "ಮಗಾ, ದಿನಾ ನೀರ್ ಮೂರ್ನೇ ಮೆಟ್ಲ್ ತನಕವೇ ಇತ್ತಲ್ದಾ? ಆ ಕಡ್ಲಿಗೆ ಭರತ ಇಳ್ತ ಇಲ್ಯಾ?"

ಆಕೆಯ ತವರಿನಲ್ಲಿ ಎರಡು ಬೋಟುಗಳಿವೆ. ಭರತದ, ಅಂದರೆ ಕಡಲಿನ ಉಬ್ಬರದ, ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ ಎನ್ನುವುದನ್ನು ಆಕೆಗೆ ಯಾರೂ ಪುಸ್ತಕದಲ್ಲಿ ಹೇಳಿಕೊಟ್ಟಿಲ್ಲ. ನಮ್ಮ ಕಡೆ ಏರಿಳಿತ ಒಂದೂವರೆ ಮೀಟರಿನ ಆಸುಪಾಸು, ಅಬೆರಿಸ್ಟ್‌ವಿತ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ನಾಲ್ಕು ಮೀಟರಿನಷ್ಟು. ಅಂಥ ಕಡಲು ಎರಡೂವರೆ ತಿಂಗಳು ಒಂದೇ ಮೆಟ್ಟಿಲಿಗೆ ಅಂಟಿ ನಿಂತಿತ್ತು.

ಹುಡುಗ ತಡವರಿಸಿ ಕರೆ ಕತ್ತರಿಸಿದ್ದ. ನಾನು ಆಗ ಮಾಡಿದ್ದು ಸರಿಯೋ ತಪ್ಪೋ, ಈಗಲೂ ನನ್ನನ್ನು ಕಾಡುತ್ತದೆ. "ಫೋನ್ ಹಿಡ್ಕೊಂಡು ಹೊರಗೆ ಹೋಗು, ಈಗಿನ ಕಡಲು ತೋರಿಸು" ಎಂದೆ. "ಕತ್ತಲೆ ಮೇಡಂ" ಎಂದ. "ಕತ್ತಲೆಯನ್ನೇ ತೋರಿಸು." ಕೋಣೆಯಿಂದ ಕಡಲಿಗೆ ಆರೇ ನಿಮಿಷ. ಪರದೆಯ ಮೇಲೆ ಬೀದಿದೀಪಗಳು ಕುಣಿದವು, ಗಾಳಿ ಮೈಕಿನೊಳಗೆ ನುಗ್ಗಿ ಬೇರೇನೂ ಕೇಳಿಸದಂತಾಯಿತು. ಕಂಬಿಯ ಬಳಿ ನಿಂತು ಫೋನನ್ನು ಕೆಳಕ್ಕೆ ತಿರುಗಿಸಿದ. ಕಪ್ಪು, ಕಪ್ಪಿನ ಮೇಲೆ ಆಗಾಗ ಬಿಳಿ ನೊರೆ. "ಎಷ್ಟನೇ ಮೆಟ್ಟಿಲಿಗೆ ಬಂದಿದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಮೆಟ್ಟಿಲೇ ಕಾಣ್ತಿಲ್ಲ ಮೇಡಂ" ಎಂದ. ಮತ್ತೂ ಸ್ವಲ್ಪ ಹೊತ್ತು ಬಿಟ್ಟು, "ನಾನು ಇಲ್ಲಿಗೆ ಬಂದೇ ಇಪ್ಪತ್ತೆರಡು ದಿನ ಆಯ್ತು."

ಆಗ ನನ್ನ ಎದೆ ಧಸಕ್ ಎಂದಿತು. ಮೂರು ವಾರ ಕೆಲಸ ಬಿಟ್ಟರೆ ಕೋಣೆಯನ್ನೇ ಸೇರಿಕೊಂಡಿದ್ದ, ನಿದ್ದೆಗೆಟ್ಟ, ಹಿಂದಿನ ರಾತ್ರಿಯಷ್ಟೇ ತಾಯಿಯ ಕೈಗೆ ಸಿಕ್ಕಿಬಿದ್ದ ಹುಡುಗನನ್ನು ಕತ್ತಲಲ್ಲಿ, ಏರಿದ ಕಡಲಿನ ಪಕ್ಕಕ್ಕೆ ಕಳಿಸಿದ್ದು ನಾನೇ. ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ಭೇಟಿಯಲ್ಲಿ ಕೇಳಿದ್ದೆ, ಅಂದು ಕೇಳಿರಲಿಲ್ಲ. ಈ ತಪ್ಪು ಪೂರ್ತಿ ನನ್ನದು. ಇಲ್ಲಿ ಬರೆಯದೆ ಬಿಟ್ಟಿದ್ದರೆ ಈ ಲೇಖನವೂ ಅಂಗಿ ಬದಲಿಸಿ ತೆಗೆದ ಫೋಟೊ ಆಗುತ್ತಿತ್ತು. ಕಂಬಿ ಬಿಟ್ಟು ರಸ್ತೆಯಾಚೆಗೆ ಬಾ ಎಂದೆ. ಬಂದು ದೀಪದ ಕೆಳಗಿನ ಬೆಂಚಿನಲ್ಲಿ ಕೂತ ಮೇಲೆ, ಸುತ್ತಿ ಬಳಸದೆ ಕೇಳಿದೆ. ಇಲ್ಲ ಎಂದ. ಯಾವತ್ತಾದರೂ? ಇಲ್ಲ, ಮಲಗಿದರೆ ಏಳದಿದ್ದರೆ ಚೆನ್ನಾಗಿತ್ತು ಅಂತ ಒಂದೆರಡು ಸಲ ಅನ್ನಿಸಿತ್ತು, ಅಷ್ಟೇ. ಅದು "ಅಷ್ಟೇ" ಅಲ್ಲ ಎಂದು ಹೇಳಿದೆ. ವೇಲ್ಸ್‌ನಲ್ಲಿ ಯಾವ ಹೊತ್ತಿನಲ್ಲಾದರೂ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದವರು ಸಿಗುತ್ತಾರೆ, ಸಮಾರಿಟನ್ಸ್ ಎನ್ನುವ ಸಹಾಯವಾಣಿಯ 116 123 ಉಚಿತ. ಎರಡನ್ನೂ ಅಲ್ಲೇ ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿ, ಉಳಿಸಿದ್ದನ್ನು ತೋರಿಸು ಎಂದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ಹೆದರುವ ತಂದೆತಾಯಿಗಳಿಗೆ ಒಂದು ಮಾತು: ಹಾಗಾಗುವುದಿಲ್ಲ. ಕೇಳಿ.

"ಈಗ ಅಮ್ಮನಿಗೆ ಏನು ಹೇಳ್ಲಿ?"

ಎಲ್ಲವನ್ನೂ ಹೇಳಿಬಿಡು ಎನ್ನಲಿಲ್ಲ. ಇದರ ಬಗ್ಗೆ ನನ್ನ ಸಹೋದ್ಯೋಗಿಯೊಬ್ಬರು ತಕರಾರು ತೆಗೆದಿದ್ದಾರೆ: ಸುಳ್ಳಿಗೆ ನೀವು ಮೆತ್ತಗಿನ ಹಾಸಿಗೆ ಹಾಸಿದಿರಿ ಎಂದು. ಇರಬಹುದು. ಆದರೆ ರಾತ್ರಿ ಒಂಬತ್ತೂವರೆಗೆ, ಸಾವಿರಾರು ಮೈಲಿ ಆಚೆ, ಏನೂ ಮಾಡಲಾಗದ ತಾಯಿಯ ಮಡಿಲಿಗೆ ಎರಡು ತಿಂಗಳ ದುಃಖವನ್ನು ಒಮ್ಮೆಗೇ ಸುರಿದರೆ ಹುಡುಗ ಹಗುರಾಗಿ ಮಲಗುತ್ತಾನೆ, ಆಕೆ ಬೆಳಗಿನವರೆಗೆ ಕೂತಿರುತ್ತಾರೆ. ಮರುದಿನ ಆಕೆಯ ಮುಖ ನೋಡಿ ಅವನು ಮತ್ತೆ ಸುಳ್ಳಿಗೇ ಮರಳುತ್ತಾನೆ. ಇದನ್ನು ನಾನು ಹಲವು ಸಲ ನೋಡಿದ್ದೇನೆ. ಹಾಗಾಗಿ ಹೇಳಿದ್ದು: ಫೋಟೊದ ವಿಷಯ ಇವತ್ತೇ ಒಪ್ಪಿಕೋ, ಎರಡು ವಾಕ್ಯದಲ್ಲಿ. ಆಮೇಲೆ ದುಃಖ ಹೇಳಬೇಡ, ಲೆಕ್ಕ ಹೇಳು. ಎಷ್ಟು ಗಂಟೆ ಕೆಲಸ, ಎಷ್ಟಕ್ಕೆ ಎದ್ದೆ, ಏನು ತಿಂದೆ, ಕೈಯಲ್ಲಿ ಎಷ್ಟು ಪೌಂಡು ಉಳಿದಿದೆ. ಲೆಕ್ಕ ಕೇಳಿದ ತಾಯಿಗೆ ಮಾಡಲು ಏನಾದರೊಂದು ಕೆಲಸ ಸಿಗುತ್ತದೆ.

ವಿಡಿಯೊ ಕರೆ ವಾರಕ್ಕೆ ಮೂರೇ ಸಾಕು ಎಂದೂ ಹೇಳಿದೆ. ದಿನಾ ಪರದೆಯ ಮೇಲೆ ಬರಬೇಕಾದವನಿಗೆ ದಿನಾ ವೇಷ ಕಟ್ಟಬೇಕಾಗುತ್ತದೆ. ಯಕ್ಷಗಾನದ ಊರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನೊಂದು ಸಲಹೆ ಕೇಳಿದರೆ ನಗು ಬರಬಹುದು. ಅಬೆರಿಸ್ಟ್‌ವಿತ್‌ನ ವಿದ್ಯಾರ್ಥಿಗಳಲ್ಲಿ ಒಂದು ಹಳೆಯ ರೂಢಿಯಿದೆ. ಕಡಲ ದಂಡೆಯ ರಸ್ತೆಯ ಉತ್ತರ ತುದಿಗೆ, ಕಾನ್‌ಸ್ಟಿಟ್ಯೂಷನ್ ಹಿಲ್‌ನ ಬುಡದವರೆಗೆ ನಡೆದುಹೋಗಿ, ಅಲ್ಲಿಯ ಕಬ್ಬಿಣದ ಸರಳನ್ನು ಕಾಲಿನಿಂದ ಒದ್ದು ಹಿಂದಿರುಗುವುದು. ಏಕೆ ಎಂದರೆ ಯಾರಿಗೂ ಗೊತ್ತಿಲ್ಲ. ಹುಡುಗ ಸೆಪ್ಟೆಂಬರಿನಲ್ಲಿ ಒಂದೇ ಸಲ ಒದ್ದಿದ್ದ. ದಿನಾ ಮಧ್ಯಾಹ್ನ ಎರಡರೊಳಗೆ, ಬೆಳಕಿರುವಾಗ, ಹೋಗಿ ಒದ್ದು ಬಾ ಎಂದೆ. ಗಾಳಿಯ ಎಚ್ಚರಿಕೆ ಇದ್ದ ದಿನ ಬೇಡ. 2014ರ ಜನವರಿಯಲ್ಲಿ ಅಲೆಗಳು ಆ ರಸ್ತೆಯನ್ನೇ ಕಿತ್ತಿದ್ದವು, ದಂಡೆಯ ಹಾಸ್ಟೆಲುಗಳ ವಿದ್ಯಾರ್ಥಿಗಳನ್ನು ಬೇರೆಡೆಗೆ ಸಾಗಿಸಿದ್ದರು. ಫೋಟೊ ತೆಗೆಯುವುದಾದರೆ ಆ ಹೊತ್ತಿಗೆ ಏನು ಕಾಣುತ್ತದೋ ಅದರದ್ದು. ಮಂಜಾದರೆ ಮಂಜು.

ನಡೆದರೆ ಖಿನ್ನತೆ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಖಿನ್ನತೆ ಹೌದೋ ಅಲ್ಲವೋ ಹೇಳಬೇಕಾದವರು ವೈದ್ಯರು, ನಾನಲ್ಲ. ಹುಡುಗ ವೀಸಾದ ಜೊತೆಗೇ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯದ ಶುಲ್ಕ ಕಟ್ಟಿದ್ದ, ಆದರೆ ಆ ಊರಿನ ಜಿಪಿ, ಅಂದರೆ ಸಾಮಾನ್ಯ ಕಾಯಿಲೆ ನೋಡುವ ವೈದ್ಯರಲ್ಲಿ ಹೆಸರೇ ಬರೆಸಿರಲಿಲ್ಲ. ನನ್ನ ಬಳಿ ಬರುವ ಹತ್ತು ಮಕ್ಕಳಲ್ಲಿ ಏಳೆಂಟು ಮಂದಿಯದು ಇದೇ ಪಾಡು. ವೇಲ್ಸ್‌ನಲ್ಲಿ ವೈದ್ಯರು ಬರೆದ ಔಷಧಕ್ಕೂ ದುಡ್ಡಿಲ್ಲ. ಹೋಗಿ ಬರೆಸಿದ. ವೈದ್ಯರು ಎರಡು ಸಲ ಕೂರಿಸಿ ಮಾತಾಡಿದರು, ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಲು ಹೇಳಿದರು. ಗುರುವಾರದ ಪಾಳಿಯನ್ನು ಅವನೇ ಬಿಡಿಸಿಕೊಂಡ.

ಮೂರನೇ ದಿನ ನನಗೆ ಅವನ ತಂದೆಯ ಫೋನು. "ನಮ್ಮ ಮನೆಯ ಕರೆಗೆ ಟೈಮ್ ಟೇಬಲ್ ಹಾಕ್ಲಿಕ್ಕೆ ನೀವ್ಯಾರು?" ನ್ಯಾಯವಾದ ಪ್ರಶ್ನೆ. ಸಾಲದ ಕಂತು ಕಟ್ಟುವವರು ಅವರು. ನಿಮ್ಮ ಮಗ ನಿಮ್ಮ ಸಾಲಕ್ಕೆ ಹೆದರಿಯೇ ಖುಷಿಯ ಫೋಟೊ ಕಳಿಸುತ್ತಿದ್ದ ಎಂದೆ. ಅವರಿಗೆ ಅದು ಹಿಡಿಸಲಿಲ್ಲ, ಇಟ್ಟುಬಿಟ್ಟರು. ಇವತ್ತಿಗೂ ನನ್ನ ಜೊತೆ ಅವರ ಮಾತಿಲ್ಲ.

ತಾಯಿ ಎರಡು ದಿನ ಮಗನ ಜೊತೆ ಮಾತು ಬಿಟ್ಟು, ಮೂರನೆಯ ದಿನ ಗಂಜಿಗೆ ಕುಚ್ಚಲಕ್ಕಿ ಉಳಿದಿದೆಯೇ ಎಂದು ಕೇಳಿದರಂತೆ. ನನಗೆ ಹೇಳಿದ್ದು ಹೀಗೆ: "ನಮ್ಮಲ್ಲಿ ಜೂನ್ ಒಂದರಿಂದ 61 ದಿನ ದೊಡ್ಡ ಬೋಟ್ ಇಳಿಸೂಕಿಲ್ಲ. ದಡದಲ್ ಕೂತ್ಕಂಡ್ ಬಲೆ ಸರಿ ಮಾಡ್ತ್ರ್. ದುಡ್ಡಿಲ್ಲ ಅಂದ್ರೆ ಇಲ್ಲ ಅಂತ್ರ್. ಇವನಿಗೆ ಬಾಯಿ ಬಿಟ್ಟ್ ಹೇಳೂಕೆ ಎಂತ ರೋಗ?" ನಾನು ಆಕೆಯನ್ನೂ ಒಂದು ಮಾತು ಕೇಳಿದೆ, ದಿನಾ ಫೋಟೊ ಕೇಳುತ್ತಿದ್ದದ್ದು ಯಾರು ಎಂದು. ಸುಮ್ಮನಾದರು.

ಮಕ್ಕಳನ್ನು ಹೊರಗೆ ಕಳಿಸಿದವರಿಗೆ ನಾನು ಇಷ್ಟೇ ಕೇಳಿಕೊಳ್ಳುವುದು: ಜಾಗ ತೋರಿಸು ಎನ್ನಬೇಡಿ. ತಟ್ಟೆ ತೋರಿಸು ಎನ್ನಿ. ಇವತ್ತು ಯಾರ ಜೊತೆ ಮಾತಾಡಿದೆ ಎನ್ನಿ. ಬಂದ ಫೋಟೊವನ್ನು ಊರಿಗೆಲ್ಲ ಹಂಚಬೇಡಿ. ಹತ್ತು ಮನೆಯವರು ನೋಡಿ ಮೆಚ್ಚಿದ ಮೇಲೆ ಮಗು ಸೋತೆ ಎಂದು ಹೇಳಬೇಕಾದದ್ದು ಹತ್ತು ಮನೆಗೆ. ನಿಮಗೇ ನಿದ್ದೆ ಬಾರದಿದ್ದರೆ ಇಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಫೆಬ್ರವರಿಯ ಹೊತ್ತಿಗೆ ಹುಡುಗ ಹದಿನೈದು ದಿನಕ್ಕೊಮ್ಮೆ ಬಂದರೆ ಸಾಕು ಎನ್ನುವಂತಾಗಿದ್ದ. ಒಂದು ವಿಷಯದಲ್ಲಿ ಫೇಲಾಗಿದ್ದ, ಆಗಸ್ಟಿನಲ್ಲಿ ಮತ್ತೆ ಬರೆಯಬೇಕಿತ್ತು. ಡಬ್ಬಿಯ ಬಂಗುಡೆ ಅಗ್ಗಕ್ಕೆ ಸಿಗುತ್ತದೆಂದು ಕಂಡುಹಿಡಿದು ಅದಕ್ಕೇ ಹುಳಿ ಹಿಂಡುತ್ತಿದ್ದ. ಸಂಜೆ ಬಿಡುವಾದರೆ ಕಡಲೊಳಕ್ಕೆ ಚಾಚಿದ ಹಳೆಯ ಕಟ್ಟೆ, ಪಿಯರ್, ಕಡೆಗೂ ಹೋಗುತ್ತಿದ್ದ. ಚಳಿಗಾಲದಲ್ಲಿ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಸಂಜೆಯಾಗುತ್ತಲೇ ಆಕಾಶದಲ್ಲಿ ಸುತ್ತಿ ಸುತ್ತಿ ಅದರ ಅಡಿಗೆ ಬಂದು ಇಳಿಯುತ್ತವೆ. ಅವುಗಳ ಫೋಟೊ ಒಂದೂ ಸರಿಯಾಗಿ ಬರುವುದಿಲ್ಲ ಎಂದು ಬೈದುಕೊಂಡ.

ಆ ತಿಂಗಳ ಒಂದು ಅಷ್ಟಮಿಯ ದಿನ ಅವನು ಮನೆಗೆ ಒಂದು ಫೋಟೊ ಕಳಿಸಿದ್ದ, ಮೇಲಿನ ಮೆಟ್ಟಿಲಿನವರೆಗೆ ನೀರು. ತಾಯಿಯ ಉತ್ತರ ತಕ್ಷಣ ಬಂತು: ಅಷ್ಟಮಿಗೆ ಕಡಲು ಅಷ್ಟೆಲ್ಲ ಏರುವುದಿಲ್ಲ, ಇದು ಯಾವತ್ತಿನ ಫೋಟೊ? ಗಾಳಿ ಅಮ್ಮ, ಎಂದು ಬರೆದ. ನಂಬಲಿಲ್ಲ. ಕಡೆಗೆ ಅಲ್ಲೇ ನಿಂತು ವಿಡಿಯೊ ತೆಗೆದು ಕಳಿಸಿದ. ನೋಡಿ ಮುಗಿಸಿದ ಮೇಲೆ, ಇಂಥ ಗಾಳಿಯಲ್ಲಿ ಕಡಲ ಬದಿಯಲ್ಲಿ ನಿನಗೆ ಎಂತ ಕೆಲಸ ಎಂದು ಅರ್ಧ ಗಂಟೆ ಬೈದರಂತೆ.