ಆ ಕಾಗದವನ್ನು ಮಡಿಸಿ ವಾಪಸ್ ಕೊಡಬೇಡಿ

ಫಿಜಿಯ ಸುವಾಗೆ ಬಂದು ಮೂರು ವಾರ ಆಯ್ತು ಅಂದಿದ್ದೀರಿ. ಮನೆ ಓನರಮ್ಮ ಒಂದು ಹಳೇ ಕಾಗದದ ಜೆರಾಕ್ಸ್ ತಂದು, "ನಮ್ಮ ಆಜಾನ (ಅಜ್ಜನ) ಊರು ನೋಡಬೇಕು, ನೀನು ಇಂಡಿಯಾದವಳಲ್ವಾ, ದಾರಿ ಹೇಳು" ಅಂತಾರೆ, ಏನು ಹೇಳಲಿ ಅಕ್ಕ ಅಂತ ಕೇಳಿದ್ದೀರಿ. ಹವೆ, ಅಡುಗೆ ಸಾಮಾನು, ಮಗುವಿನ ಶಾಲೆ ಬಗ್ಗೆಯೂ ಕೇಳಿದ್ದೀರಿ.

ಸುವಾದಲ್ಲಿ ಮಳೆ ಜಾಸ್ತಿ, ಬಟ್ಟೆ ಬೇಗ ಒಣಗಲ್ಲ. ನಾವಿರುವ ಲೌಟೋಕಾ ಕಡೆ ಬಿಸಿಲು. ಅಕ್ಕಿ, ಬೇಳೆ ಎಲ್ಲ ಸಿಗುತ್ತೆ, ಸಾರಿನ ಪುಡಿ ಮಾತ್ರ ಊರಿಂದಲೇ ತರಿಸಿಕೊಳ್ಳಿ. ಶಾಲೆ ವಿಷಯ ಅಕ್ಕಪಕ್ಕದವರನ್ನೇ ಕೇಳಿ.

ಆ ಕಾಗದದ ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ.

ಅದು ಗಿರ್ಮಿಟ್ ಕಾಲದ ಪಾಸು, ಅಂದರೆ ಒಪ್ಪಂದದ ಕೂಲಿಗೆ ಇಂಡಿಯಾದಿಂದ ಹಡಗು ಹತ್ತಿದವರ ವಿವರ ಬರೆದ ಕಾಗದ. 1879ರ ಮೇ 14ಕ್ಕೆ ಲಿಯೋನಿಡಾಸ್ ಅನ್ನೋ ಮೊದಲ ಹಡಗು ಕಲ್ಕತ್ತದಿಂದ ಫಿಜಿಗೆ ಬಂತು. 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಹೀಗೆ ಕಬ್ಬಿನ ಗದ್ದೆಗೆ ಬಂದರು. 1903ರಿಂದ ಮದ್ರಾಸಿನಿಂದಲೂ ಹಡಗು ಹೊರಟವು. ಐದು ವರ್ಷದ ಅಗ್ರಿಮೆಂಟು. ಆ ಮಾತೇ ಅವರ ಬಾಯಲ್ಲಿ ಗಿರ್ಮಿಟ್ ಆಯ್ತು. ಹತ್ತು ವರ್ಷ ಇದ್ದರೆ ಮಾತ್ರ ವಾಪಸ್ ಹೋಗೋಕೆ ಸರ್ಕಾರದ ಖರ್ಚು. ಅರ್ಧಕ್ಕಿಂತ ಜಾಸ್ತಿ ಜನ ಇಲ್ಲೇ ಉಳಿದರು.

ನಾನು 2002ರಲ್ಲಿ ಬಂದಾಗ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಮೊದಲ ಭಾನುವಾರವೇ ಪ್ಲಾಸ್ಟಿಕ್ ಕವರಿನಲ್ಲಿ ಅಂಥದೇ ಕಾಗದ ಹಿಡಿದು ಬೇಲಿ ಹತ್ತಿರ ಬಂದರು. ಹೆಸರು, ಅಪ್ಪನ ಹೆಸರು, ಜಿಲ್ಲೆ ಬಸ್ತಿ, ಥಾಣೆ (ಅಂದರೆ ಪೊಲೀಸ್ ಠಾಣೆ) ಬಾನ್ಸಿ, ಆಮೇಲೆ ಹಳ್ಳಿಯ ಹೆಸರು. ಎತ್ತರ 5 ಅಡಿ 3 ಅಂಗುಲ. ಎಡ ಮೊಣಕಾಲ ಮೇಲೆ ಗಾಯದ ಕಲೆ. ಆ ಸಾಲಿನ ಮೇಲೆ ಬೆರಳಿಟ್ಟು, "ಆಜಾನ ಫೋಟೋ ಇಲ್ಲ ಬೇಟಿ, ಇದೇ ಇರೋದು" ಅಂದರು.

ನಾನು ಹೇಳಿದ್ದೇನು ಗೊತ್ತಾ? "ಅದು ಉತ್ತರದ ಕಡೆ, ನಮ್ಮೂರಿಗೆ ತುಂಬಾ ದೂರ. ರಜೆಗೆ ಹೋದಾಗ ವಿಚಾರಿಸ್ತೀನಿ." ಕಾಗದ ಮಡಿಸಿ ಕೊಟ್ಟುಬಿಟ್ಟೆ.

ಮೂರು ಸಲ ಊರಿಗೆ ಹೋದೆ. ತಮ್ಮನ ಮದುವೆ, ಅಪ್ಪನ ತಿಥಿ, ಮನೆ ಖಾತೆ ಬದಲಾವಣೆ. ವಿಚಾರಿಸಲೇ ಇಲ್ಲ. ಮೊದಲೆರಡು ಸಲ ಬಂದಾಗ ಅವರು ಕೇಳಿದರು. ಮೂರನೇ ಸಲ, "ಅಲ್ಲಿ ಮಳೆ ಚೆನ್ನಾಗಿ ಆಯ್ತಾ?" ಅಂದರು ಅಷ್ಟೇ. ಹಳ್ಳಿಯ ಮಾತೇ ಎತ್ತಲಿಲ್ಲ. ಮರುವರ್ಷ ತೀರಿಕೊಂಡರು.

ನಮಗೆ ಊರು ಅಂದರೆ ಬಸ್ಸಿಳಿಯೋ ಜಾಗ. ಇಳಿದ ತಕ್ಷಣ "ಯಾರ ಮನೆ ಮಗಳಮ್ಮ?" ಅಂತ ಕೇಳೋರಿದ್ದಾರೆ. ಅವರಿಗಿದ್ದದ್ದು ಮೂರು ಸಾಲು. ಅದು ನನಗೆ ಆಗ ತಲೆಗೆ ಹೋಗಲಿಲ್ಲ. ಈಗಲೂ ಬೇಲಿ ಹತ್ತಿರ ಬಟ್ಟೆ ಒಣಹಾಕುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಆಮೇಲೆ ಅವರ ಮಗ ಅದೇ ಕವರ್ ತಂದಾಗ ಕೂತು ಹುಡುಕಿದೆ. ಒಂದೇ ಸಂಜೆಯ ಕೆಲಸ. ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯನ್ನು ಒಡೆದು 1988ರಲ್ಲಿ ಸಿದ್ಧಾರ್ಥನಗರ ಜಿಲ್ಲೆ ಮಾಡಿದ್ದಾರೆ, ಬಾನ್ಸಿ ಈಗ ಅದರಲ್ಲಿದೆ. ಅದಕ್ಕೇ ಹೇಳುವುದು, ಕಾಗದದ ಜಿಲ್ಲೆಯಲ್ಲಿ ಊರು ಸಿಗದಿದ್ದರೆ ಕೈಬಿಡಬೇಡಿ, ಥಾಣೆ ಹಿಡಿದು ಹುಡುಕಿ. ಮದ್ರಾಸಿನ ಕಡೆಯ ಪಾಸಾದರೂ ಅಷ್ಟೇ: ಉತ್ತರ ಆರ್ಕಾಟ್ ಅನ್ನೋ ಜಿಲ್ಲೆ ಈಗ ಇಲ್ಲ, ವಿಜಗಪಟಂ ಅಂದರೆ ವಿಶಾಖಪಟ್ಟಣ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಹಾಗಾಗಿ ಹಳ್ಳಿಯ ಹೆಸರನ್ನು ಬಾಯಿಬಿಟ್ಟು ನಾಲ್ಕೈದು ತರ ಓದಿ ನೋಡಿ. ಜೆರಾಕ್ಸ್ ಮಸುಕಾಗಿದ್ದರೆ ನಿಮ್ಮ ಸುವಾದಲ್ಲೇ ರಾಷ್ಟ್ರೀಯ ಪತ್ರಾಗಾರ ಇದೆ, ಪಾಸುಗಳು ಅಲ್ಲಿವೆ. ಓನರಮ್ಮನ ಜೊತೆ ನೀವೂ ಹೋಗಿ.

ಇನ್ನೊಂದು ಮಾತು. ನೆಂಟರು ಸಿಕ್ಕೇ ಸಿಗ್ತಾರೆ ಅಂತ ಆಸೆ ಹುಟ್ಟಿಸಬೇಡಿ. ಆ ಮಗ ಹೋದಾಗ ಹಳ್ಳಿಯವರು ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ಜಮೀನಿನಲ್ಲಿ ಪಾಲು ಕೇಳೋಕೆ ಬಂದಿದ್ದಾನೆ ಅಂದುಕೊಂಡಿದ್ದರು. ನಮ್ಮ ಕಡೆಯೂ ಹಾಗೇ ಅಲ್ವಾ? "ನನಗೇನೂ ಬೇಡ, ನೋಡಿ ಹೋಗ್ತೀನಿ" ಅಂದ ಮೇಲೆ ಹಗ್ಗದ ಮಂಚ ತಂದು ಹಾಕಿದರಂತೆ. ಮನೆ ಯಾವುದು ಅಂತ ಗೊತ್ತಾಗಲಿಲ್ಲ. ರಾತ್ರಿ ಅಲ್ಲಿಂದಲೇ ನನಗೆ ಫೋನ್ ಮಾಡಿದ. "ದೀದಿ, ಇಲ್ಲಿಯ ಮುದುಕರು ನಮ್ಮಪ್ಪ ಮಾತಾಡಿದ ಹಾಗೇ ಮಾತಾಡ್ತಾರೆ" ಅಂದ. ಮುಂದೆ ಅವನಿಗೂ ಮಾತು ಬರಲಿಲ್ಲ, ನನಗೂ ಬರಲಿಲ್ಲ.

ಶನಿವಾರ ಓನರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿ. ಥಾಣೆ ಅಂತ ಇರೋ ಕಡೆ ಏನಿದೆಯೋ ಒಂದೊಂದೇ ಅಕ್ಷರ ಓದಿ ಹೇಳಿ. ನಾನು ಬರೆದುಕೊಳ್ಳುತ್ತೇನೆ.