ಹಲ್ಲಿಲ್ಲದ ಅಜ್ಜಿ ಬರೀ ಅನ್ನ-ತಿಳಿಸಾರು ಉಣ್ಣುತ್ತಾರೆ, ಕಾಲಲ್ಲಿ ಶಕ್ತಿಯಿಲ್ಲ. ಏನು ಕೊಡಬೇಕು?

ಮೊದಲು ನೋಡಬೇಕಾದ್ದು ಪ್ರೋಟೀನ್. ಈ ವಯಸ್ಸಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು. 50 ಕಿಲೋ ಇದ್ದರೆ 50-60 ಗ್ರಾಂ. ತಿಳಿಸಾರಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಸ್ನಾಯು ಕರಗಿ, ಎದ್ದು ನಿಲ್ಲುವಾಗ ತೊಡೆ ನಡುಗುತ್ತದೆ.

ಹುಬ್ಬಳ್ಳಿ-ಗದಗ ಕಡೆ ಮನೆಯಲ್ಲೇ ದಾರಿಯಿದೆ: ಜೋಳದ ರೊಟ್ಟಿಯ ಮುಟಗಿ. ರೊಟ್ಟಿ ಹಂಚಿನಿಂದ ಇಳಿಸಿದ ಕೂಡಲೇ ಬೆಳ್ಳುಳ್ಳಿ, ಜೀರಿಗೆ, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುಟ್ಟಿ. ಆರಿದರೆ ಬಿರುಸಾಗಿ ಗಂಟಲಿಗೆ ಒತ್ತುತ್ತದೆ. ಜೊತೆಗೆ ಗಟ್ಟಿ ಹೆಸರುಬೇಳೆ (ಒಣಬೇಳೆ 30 ಗ್ರಾಂನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್), ಮೊಸರಲ್ಲಿ ಕಲಸಿದ ನುಣ್ಣನೆಯ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ). ಒಂದೇ ಹೊತ್ತಿಗೆ ತುರುಕದೆ ಮೂರು ಹೊತ್ತಿಗೂ ಹಂಚಿ. ಊಟದ ಬೆನ್ನಿಗೇ ಚಹಾ ಬೇಡ, ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಿಡ್ನಿ ತೊಂದರೆಯಿದ್ದರೆ ಡಾಕ್ಟರನ್ನು ಕೇಳಿಯೇ ಬೇಳೆ ಹೆಚ್ಚಿಸಿ.