ಐದು ವಾರದ ಮಗುವಿಗೆ ಕಾಮಾಲೆ ಇಳಿದಿಲ್ಲ, ಸೋನೋಗ್ರಫಿಯಲ್ಲಿ ಪಿತ್ತನಾಳದ ತೊಂದರೆ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ, ಆದರೆ ಪೂರ್ತಿ ಅಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ನಿಮ್ಮ ಡಾಕ್ಟರ್ ಬರೆದುಕೊಟ್ಟ ಸೋನೋಗ್ರಫಿ (ಊರಲ್ಲಿ ಸ್ಕ್ಯಾನಿಂಗ್ ಅನ್ನುತ್ತೇವಲ್ಲ, ಅದೇ) ಶುರು ಅಷ್ಟೇ.

ಮುಖ್ಯವಾಗಿ ಹುಡುಕುವುದು ಬಿಲಿಯರಿ ಅಟ್ರೇಸಿಯಾ. ಅಂದರೆ ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ನಾಳ ಮುಚ್ಚಿಹೋಗುವುದು. ಎಳೆಗೂಸಿನಲ್ಲಿ ಆ ನಾಳ ತೀರಾ ಸಣ್ಣದು, ನೇರವಾಗಿ ಕಾಣುವುದು ಕಷ್ಟ. ಹಾಗಾಗಿ ಸುತ್ತಲಿನ ಗುರುತು ನೋಡುತ್ತಾರೆ. ಪಿತ್ತಕೋಶ ಕಾಣದೇ ಇರಬಹುದು, ಇಲ್ಲವೇ ಅಂಚು ಸೊಟ್ಟಪಟ್ಟಾಗಿ ಪುಟ್ಟದಾಗಿರಬಹುದು. ಇನ್ನೊಂದು, ಪೋರ್ಟಲ್ ರಕ್ತನಾಳ (ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವುದು) ಕವಲೊಡೆಯುವಲ್ಲಿ ಬೆಳ್ಳಗೆ ತ್ರಿಕೋನದಂತೆ ಕಾಣುವ ನಾರಿನ ಪಟ್ಟಿ. ಅದರ ದಪ್ಪ ಸುಮಾರು 4 ಮಿಲಿಮೀಟರ್ ದಾಟಿದರೆ ಅನುಮಾನ ಜಾಸ್ತಿ.

ಹಾಲು ಕುಡಿದರೆ ಪಿತ್ತಕೋಶ ಕುಗ್ಗುತ್ತದೆ, ಆಗ ಅದು ಕಾಯಿಲೆಯಿಂದ ಪುಟ್ಟದಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅದಕ್ಕೇ ಸುಮಾರು 4 ಗಂಟೆ ಹಾಲು ಕೊಡಬೇಡಿ ಅನ್ನುವುದು. ಕೂಸನ್ನು ಅಷ್ಟು ಹೊತ್ತು ಅಳಿಸುವುದು ಕರುಳು ಹಿಂಡುತ್ತದೆ, ನಿಜ. ಆದರೆ ಸುಮ್ನೆ ಹೇಳುವುದಲ್ಲ.

ರಿಪೋರ್ಟ್ ನಾರ್ಮಲ್ ಬಂದರೂ ಕಾಯಿಲೆ ಇಲ್ಲ ಅಂತ ಹೇಳಲಾಗದು. ಕಕ್ಕ ಸುಣ್ಣದ ಹಾಗೆ ಬಿಳಿಚಿದೆಯಾ, ಮೂತ್ರ ಗಾಢ ಹಳದಿಯಾ, ರಕ್ತದಲ್ಲಿ ಡೈರೆಕ್ಟ್ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತುವಿನಲ್ಲಿ ಲಿವರ್ ಸಂಸ್ಕರಿಸಿದ ಭಾಗ) ಎಷ್ಟು, ಎಲ್ಲ ಸೇರಿಸಿ ನೋಡಬೇಕು. ಬೇಕಾದರೆ ಲಿವರ್ ಬಯಾಪ್ಸಿ, ಅಂದರೆ ಲಿವರ್‌ನ ಚೂರು ತೆಗೆದು ಪರೀಕ್ಷೆ. ಕೊನೆಯ ತೀರ್ಮಾನ ಆಪರೇಷನ್ ಟೇಬಲ್ ಮೇಲೆ, ಪಿತ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆದಾಗ.

"ಬಿಸಿಲಿಗೆ ಹಿಡಿ, ಹೋಗುತ್ತೆ" ಎಂಬ ಅಜ್ಜಿಯ ಮಾತು ನಂಬಿ ಈಗ ಕಾಯಬೇಡಿ. ಪಿತ್ತ ಕರುಳಿಗೆ ಹರಿಯಲು ದಾರಿ ಮಾಡುವ, ಜಪಾನಿನ ಡಾಕ್ಟರ್ ಕಸಾಯ್ ಹೆಸರಿನ ಆಪರೇಷನ್ (ಹೆಸರು ಕೇಳಿ ಹೆದರಬೇಡಿ!) 60 ದಿನದೊಳಗೆ ಆದರೆ ಫಲ ಹೆಚ್ಚು. ಮುಂಬೈ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯಂಥ ಕಡೆ ಈ ವಾರವೇ ತೋರಿಸಿ.